ಹವ್ಯಾಸಿ ಓಟ ಮತ್ತು ಸಹಾಯಾರ್ಥ ಓಟಗಳ ಇತಿಹಾಸ

ಪದಕ, ಬಹುಮಾನಗಳ ಹಂಗಿಲ್ಲದೆ ಆರೋಗ್ಯಕ್ಕಾಗಿ, ಸಂತೋಷಕ್ಕಾಗಿ, ಜೊತೆಗಾರರ ಒಡನಾಟಕ್ಕಾಗಿ ಸಾಮಾನ್ಯ ಜನ ಕೈಗೊಳ್ಳುವ ಓಟವೇ ಹವ್ಯಾಸಿ ಓಟ. ಇಂಥ ಓಟಗಾರರು ಯಾವುದಾದರೂ ಸೇವಾಕಾರ್ಯಕ್ಕೆ ಹಣ ಕೂಡಿಸಲು ಒಟ್ಟುಗೂಡಿದರೆ ಅದು ಸಹಾಯಾರ್ಥ ಓಟ. ಇವೆರಡೂ ಇಂದಿನ ರೂಪ ಪಡೆದದ್ದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ನ್ಯೂಜಿಲೆಂಡ್, ಅಮೆರಿಕ, ಕೆನಡ, ಬ್ರಿಟನ್‌ಗಳಲ್ಲಿ ಬೆಳೆದ ಈ ಪದ್ಧತಿ 21ನೆಯ ಶತಮಾನದ ಮೊದಲ ದಶಕದಲ್ಲಿ ಭಾರತದ ನಗರಗಳಲ್ಲೂ ಬೇರೂರಿತು. ಕೆಲವೇ ಕ್ರೀಡಾಪಟುಗಳ ಸ್ವತ್ತಾಗಿದ್ದ ದೂರದ ಓಟದ ಬಾಗಿಲು ಮೊದಲು ನಡುವಯಸ್ಕರಿಗೆ, ಕಾಯಿಲೆ ಬಿದ್ದು ಎದ್ದವರಿಗೆ, ಆಮೇಲೆ ಹೆಂಗಸರಿಗೆ, ಕೊನೆಗೆ ಓಡಲಾರದೆ ನಡೆಯುವವರಿಗೂ ತೆರೆದುಕೊಂಡದ್ದೇ ಇದರ ಇತಿಹಾಸದ ಸಾರ.

ಹಿನ್ನೆಲೆ

ಬಾಸ್ಟನ್ ಮ್ಯಾರಥಾನ್ 1897ರಲ್ಲೇ ಆರಂಭವಾಯಿತು. ಆದರೆ ಮುಂದಿನ ಆರು ದಶಕ ದೂರದ ಓಟವೆಂದರೆ ಪಳಗಿದ ಕೆಲವು ಗಂಡಸರ ಆಟ. ವಯಸ್ಸಾದ ಮೇಲೆ ಓಡುವುದು ಹೃದಯಕ್ಕೆ ಕೇಡು ಎಂಬ ನಂಬಿಕೆ ಬಲವಾಗಿತ್ತು. ಆ ಕಾಲದಲ್ಲೂ ಓಟಕ್ಕೆ ಗೆಲುವಿನಾಚೆಯ ಉದ್ದೇಶವೊಂದನ್ನು ಕಂಡವರಲ್ಲಿ ದಕ್ಷಿಣ ಆಫ್ರಿಕದ ವಿಕ್ ಕ್ಲಾಫಮ್ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಮಡಿದ ಸಂಗಾತಿ ಸೈನಿಕರ ನೆನಪಿಗೆಂದು ಅವರು 1921ರಲ್ಲಿ ಕಾಮ್ರೇಡ್ಸ್ ಮ್ಯಾರಥಾನ್ ಏರ್ಪಡಿಸಿದರು. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಗರಗಳ ನಡುವೆ ಸುಮಾರು 90 ಕಿ.ಮೀ. ಸಾಗುವ ಈ ಓಟ ಮೊದಲ ವರ್ಷ 34 ಮಂದಿಯಿಂದ ಶುರುವಾಗಿ ಇಂದು ಸಾವಿರಾರು ಜನರನ್ನು ಸೆಳೆಯುತ್ತಿದೆ.

ಜಾಗಿಂಗ್ ಚಳವಳಿ

ಆರ್ಥರ್ ಲಿಡಿಯಾರ್ಡ್ ನ್ಯೂಜಿಲೆಂಡಿನ ಹೆಸರಾಂತ ತರಬೇತುದಾರ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಪೀಟರ್ ಸ್ನೆಲ್, ಮರ್ರೆ ಹಾಲ್ಬರ್ಗ್ ಇಬ್ಬರೂ ಅವರ ಗರಡಿಯಲ್ಲಿ ಪಳಗಿದವರು. ಚಾಂಪಿಯನ್ನರಿಗೆ ಕಲಿಸಿದ ನಿಧಾನದ ದೀರ್ಘ ಓಟವನ್ನು ಲಿಡಿಯಾರ್ಡ್ ನಡುವಯಸ್ಸಿನ ನೌಕರರಿಗೂ ಹೃದ್ರೋಗದಿಂದ ಚೇತರಿಸಿಕೊಂಡವರಿಗೂ ಕಲಿಸಿದರು. ಈ ಪ್ರಯತ್ನದಿಂದ 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು.

ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬವರ್‌ಮನ್ ಆಕ್ಲೆಂಡಿಗೆ ಬಂದರು. ಕ್ಲಬ್ಬಿನವರೊಂದಿಗೆ ಓಡಲು ಹೊರಟ ಅವರಿಗೆ ಸ್ವಲ್ಪ ದೂರದಲ್ಲೇ ಏದುಸಿರು ಬಂತು. ಗುಂಪು ಮುಂದೆ ಹೋಯಿತು. ಹೃದಯಾಘಾತಗಳನ್ನು ಅನುಭವಿಸಿದ್ದ, ಎಪ್ಪತ್ತು ದಾಟಿದ ಸದಸ್ಯರೊಬ್ಬರು ತಮ್ಮ ವೇಗ ತಗ್ಗಿಸಿ, ಮಾತಾಡಿಸುತ್ತ ಅವರನ್ನು ಕೊನೆಯವರೆಗೂ ಕರೆತಂದರು. ಊರಿಗೆ ಮರಳಿದ ಬವರ್‌ಮನ್ 1963ರಲ್ಲಿ ಯೂಜೀನ್ ನಗರದ ಸಾರ್ವಜನಿಕರಿಗೆ ಜಾಗಿಂಗ್ ತರಗತಿ ನಡೆಸಿದರು. ಹೃದ್ರೋಗ ತಜ್ಞ ವಾಲ್ಡೊ ಹ್ಯಾರಿಸ್ ಜೊತೆ ಸೇರಿ ಅವರು ಬರೆದ 'ಜಾಗಿಂಗ್' ಪುಸ್ತಕ 1967ರಲ್ಲಿ ಹೊರಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಓಡುತ್ತಲೇ ಮಾತಾಡಲು ಆಗುವಷ್ಟು ವೇಗ ಸಾಕು ಎಂಬುದು ಈ ಚಳವಳಿಯ ಮೂಲಸೂತ್ರ. ಹೃದಯದ ಸುರಕ್ಷತೆಗೆಂದು ಹೇಳಿದ ಈ ನಿಯಮವೇ ಓಟವನ್ನು ಹರಟೆಗೂ ಸ್ನೇಹಕ್ಕೂ ಎಡೆಯಿರುವ ಚಟುವಟಿಕೆಯನ್ನಾಗಿ ಮಾಡಿತು.

ವೈದ್ಯ ಕೆನೆತ್ ಕೂಪರ್ ಅವರ 'ಏರೋಬಿಕ್ಸ್' (1968) ಮತ್ತು ಜಿಮ್ ಫಿಕ್ಸ್ ಅವರ 'ದಿ ಕಂಪ್ಲೀಟ್ ಬುಕ್ ಆಫ್ ರನ್ನಿಂಗ್' (1977) ಈ ಹವ್ಯಾಸವನ್ನು ಇನ್ನಷ್ಟು ಹರಡಿದವು. 1984ರಲ್ಲಿ ಫಿಕ್ಸ್ ತಮ್ಮ 52ನೆಯ ವಯಸ್ಸಿನಲ್ಲಿ ಓಟದ ವೇಳೆಯೇ ಹೃದಯಾಘಾತದಿಂದ ತೀರಿಕೊಂಡರು. ಓಟಗಾರರಿಗೂ ವೈದ್ಯಕೀಯ ತಪಾಸಣೆ ಅಗತ್ಯವೆಂಬ ಅರಿವನ್ನು ಆ ಸಾವು ಮೂಡಿಸಿತು.

ಮಹಿಳೆಯರ ಪ್ರವೇಶ

1966ರಲ್ಲಿ ಬಾಬಿ ಗಿಬ್ ಅವರ ಅರ್ಜಿಯನ್ನು ಬಾಸ್ಟನ್ ಮ್ಯಾರಥಾನ್ ಸಂಘಟಕರು ತಿರಸ್ಕರಿಸಿದರು. ಗಿಬ್ ಆರಂಭದ ಗೆರೆಯ ಬಳಿ ಪೊದೆಯಲ್ಲಿ ಅಡಗಿದ್ದು, ಓಟ ಶುರುವಾದ ಮೇಲೆ ಗುಂಪು ಸೇರಿ ಗುರಿ ಮುಟ್ಟಿದರು. ಮರುವರ್ಷ ಕ್ಯಾಥ್ರಿನ್ ಸ್ವಿಟ್ಜರ್ ಕುಲನಾಮದ ಮುಂದೆ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ನೋಂದಾಯಿಸಿ, 261ನೆಯ ಸಂಖ್ಯೆ ಧರಿಸಿ ಓಡಿದರು. ದಾರಿಯಲ್ಲಿ ಅಧಿಕಾರಿಯೊಬ್ಬರು ಆ ಸಂಖ್ಯೆ ಕಿತ್ತುಕೊಳ್ಳಲು ಮೈಮೇಲೆ ಬಿದ್ದರೂ ಅವರು ನಿಲ್ಲಲಿಲ್ಲ. ಬಾಸ್ಟನ್ ಮಹಿಳೆಯರಿಗೆ ಅಧಿಕೃತ ಪ್ರವೇಶ ಕೊಟ್ಟದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಸೇರಿದ್ದು 1984ರಲ್ಲಿ.

ನಗರದ ಓಟಗಳು

ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಸೆಂಟ್ರಲ್ ಪಾರ್ಕಿನೊಳಗೆ 127 ಜನರೊಂದಿಗೆ ಆರಂಭವಾಯಿತು. ಗುರಿ ಮುಟ್ಟಿದವರು 55. 1976ರಲ್ಲಿ ಸಂಘಟಕ ಫ್ರೆಡ್ ಲೀಬೊ ಮುಂದಾಳತ್ವದಲ್ಲಿ ಓಟ ನಗರದ ಐದೂ ವಿಭಾಗಗಳ ಬೀದಿಗಿಳಿಯಿತು. ಬೀದಿಬದಿ ನಿಂತು ಹುರಿದುಂಬಿಸುವ ಜನರೂ ಓಟದ ಭಾಗವಾದರು. 1979ರಲ್ಲಿ ಅಲ್ಲಿ ಓಡಿದ ಬ್ರಿಟನ್ನಿನ ಒಲಿಂಪಿಕ್ ಚಿನ್ನ ವಿಜೇತ ಕ್ರಿಸ್ ಬ್ರಾಷರ್, ಗೆಳೆಯ ಜಾನ್ ಡಿಸ್ಲಿ ಜೊತೆಗೂಡಿ ಲಂಡನ್ ಮ್ಯಾರಥಾನ್ ರೂಪಿಸಿದರು. 1981ರ ಮಾರ್ಚ್ 29ರಂದು ನಡೆದ ಮೊದಲ ಓಟದಲ್ಲಿ ಮುಂದಿದ್ದ ಡಿಕ್ ಬಿಯರ್ಡ್ಸ್‌ಲಿ ಮತ್ತು ಇಂಗೆ ಸಿಮೊನ್ಸೆನ್ ಕೈಕೈ ಹಿಡಿದು ಒಟ್ಟಿಗೆ ಗೆರೆ ದಾಟಿ ಗೆಲುವನ್ನು ಹಂಚಿಕೊಂಡರು.

ಟೆರ್ರಿ ಫಾಕ್ಸ್ ಮತ್ತು ಸಹಾಯಾರ್ಥ ಓಟ

ಸಹಾಯಾರ್ಥ ಓಟದ ಚರಿತ್ರೆಯಲ್ಲಿ ಕೆನಡದ ಟೆರ್ರಿ ಫಾಕ್ಸ್ (1958-1981) ಅವರದು ಅಳಿಸಲಾಗದ ಹೆಸರು. ಮೂಳೆ ಕ್ಯಾನ್ಸರ್ ಬಂದು 18ನೆಯ ವಯಸ್ಸಿನಲ್ಲಿ ಬಲಗಾಲನ್ನು ಮೊಣಕಾಲಿನ ಮೇಲಿನಿಂದ ಕಳೆದುಕೊಂಡ ಅವರು, ಆಸ್ಪತ್ರೆಯಲ್ಲಿ ಕಂಡ ಇತರ ರೋಗಿಗಳ ಸಂಕಟವನ್ನು ಮರೆಯಲಿಲ್ಲ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಇಡೀ ಕೆನಡವನ್ನು ಓಡಿ ದಾಟಲು ನಿಶ್ಚಯಿಸಿ, 1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲೆಂಡಿನ ಸೇಂಟ್ ಜಾನ್ಸ್‌ನಿಂದ ಹೊರಟರು. ಕೃತಕ ಕಾಲಿನ ಸ್ಪ್ರಿಂಗ್ ಸ್ವಸ್ಥಾನಕ್ಕೆ ಮರಳಲು ತುಸು ಹೊತ್ತು ಬೇಕಿತ್ತು. ಅದಕ್ಕಾಗಿ ಎಡಗಾಲಿನ ಮೇಲೆ ಎರಡು ಬಾರಿ ಕುಪ್ಪಳಿಸಿ ಆಮೇಲೆ ಕೃತಕ ಕಾಲು ಊರುತ್ತಿದ್ದರು. ಹೀಗೆ ದಿನಕ್ಕೆ ಸುಮಾರು 42 ಕಿ.ಮೀ. ಓಡಿದರು.

ಮೊದಮೊದಲು ದಾರಿಯಲ್ಲಿ ಕೇಳುವವರೇ ಕಡಿಮೆ. ಒಂಟಾರಿಯೊ ತಲುಪುವ ಹೊತ್ತಿಗೆ ಊರೂರೇ ರಸ್ತೆಗೆ ಬಂತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರಿಂದ ಸೆಪ್ಟೆಂಬರ್ 1ರಂದು ಥಂಡರ್ ಬೇ ನಗರದ ಬಳಿ ಓಟ ನಿಲ್ಲಿಸಬೇಕಾಯಿತು. 143 ದಿನಗಳಲ್ಲಿ ಅವರು 5,373 ಕಿ.ಮೀ. ಕ್ರಮಿಸಿದ್ದರು. ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್ ಎಂಬ ಅವರ ಆಸೆ 1981ರ ಫೆಬ್ರವರಿಯಲ್ಲಿ ಈಡೇರಿತು: ನಿಧಿ 2.4 ಕೋಟಿ ಡಾಲರ್ ದಾಟಿತು. ಅದೇ ವರ್ಷದ ಜೂನ್ 28ರಂದು ಅವರು ನಿಧನರಾದರು. ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ಟೆರ್ರಿ ಫಾಕ್ಸ್ ಓಟಕ್ಕೆ ಸುಮಾರು 3 ಲಕ್ಷ ಜನ ಸೇರಿದರು. ಇದು ಸ್ಪರ್ಧೆಯಲ್ಲ, ನಡೆಯುವವರಿಗೂ ಗಾಲಿಕುರ್ಚಿಯವರಿಗೂ ಸಮಾನ ಸ್ಥಾನ.

ಮುಂದೆ ಈ ಮಾದರಿ ಬಗೆಬಗೆಯಾಗಿ ಬೆಳೆಯಿತು. ಸ್ತನ ಕ್ಯಾನ್ಸರ್ ಜಾಗೃತಿಗಾಗಿ 1983ರಲ್ಲಿ ಡಲ್ಲಾಸಿನಲ್ಲಿ 'ರೇಸ್ ಫಾರ್ ದಿ ಕ್ಯೂರ್' ಆರಂಭವಾಯಿತು. 1988ರಲ್ಲಿ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಿದ್ದ ಬ್ರೂಸ್ ಕ್ಲೀಲೆಂಡ್ 38 ಜನರ ತಂಡ ಕಟ್ಟಿ ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಓಡಿಸಿದರು, ತಂಡ 3.22 ಲಕ್ಷ ಡಾಲರ್ ಕೂಡಿಸಿತು. ಇದೇ 'ಟೀಮ್ ಇನ್ ಟ್ರೇನಿಂಗ್' ಕಾರ್ಯಕ್ರಮವಾಗಿ ಬೆಳೆಯಿತು. ಇದರಲ್ಲಿ ಸೇವಾ ಸಂಸ್ಥೆ ತರಬೇತಿಯನ್ನೂ ಜೊತೆಗಾರರನ್ನೂ ಒದಗಿಸುತ್ತದೆ, ಓಟಗಾರ ತನ್ನ ಬಂಧುಮಿತ್ರರಿಂದ ಹಣ ಕೂಡಿಸುತ್ತಾನೆ. ಲಂಡನ್‌ನಂಥ ಬೇಡಿಕೆಯ ಓಟಗಳಲ್ಲಿ ಸೇವಾ ಸಂಸ್ಥೆಗಳು ಪ್ರವೇಶ ಸ್ಥಾನಗಳನ್ನು ಮುಂಗಡ ಕೊಂಡು, ನಿಗದಿತ ಮೊತ್ತ ಕೂಡಿಸುವ ಮಾತು ಕೊಟ್ಟವರಿಗೆ ನೀಡುತ್ತವೆ. ಲಂಡನ್ ಮ್ಯಾರಥಾನ್ ಓಟಗಾರರು ಇದುವರೆಗೆ ಕೂಡಿಸಿದ ಹಣ 100 ಕೋಟಿ ಪೌಂಡ್ ಮೀರಿದೆ.

ಪಾರ್ಕ್‌ರನ್

2004ರ ಅಕ್ಟೋಬರ್ 2ರಂದು ಪಾಲ್ ಸಿಂಟನ್-ಹೆವಿಟ್ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನರ 5 ಕಿ.ಮೀ. ಓಟ ನಡೆಸಿದರು. ಗಾಯದಿಂದ ಓಟ ನಿಂತು, ಬದುಕಿನ ಕಷ್ಟಗಳಿಂದ ಕುಗ್ಗಿದ್ದ ಅವರಿಗೆ ಗೆಳೆಯರನ್ನು ವಾರಕ್ಕೊಮ್ಮೆ ಕಾಣುವ ನೆಪವೂ ಅದಾಗಿತ್ತು. ಅದೇ ಮುಂದೆ ಪಾರ್ಕ್‌ರನ್ ಎಂಬ ಹೆಸರಿನಲ್ಲಿ ಹಲವು ದೇಶಗಳಿಗೆ ಹರಡಿತು. ಪ್ರವೇಶ ಶುಲ್ಕವಿಲ್ಲ. ಗುರಿ ಮುಟ್ಟಿದವರಿಗೆ ಸಂಖ್ಯೆಯಿರುವ ಬಿಲ್ಲೆ ಸಿಗುತ್ತದೆ. ಅದನ್ನೂ ಓಟಗಾರರ ಬಾರ್‌ಕೋಡನ್ನೂ ಸ್ವಯಂಸೇವಕರು ಸ್ಕ್ಯಾನ್ ಮಾಡಿ ಫಲಿತಾಂಶ ಪ್ರಕಟಿಸುತ್ತಾರೆ. ಎಲ್ಲರಿಗಿಂತ ಹಿಂದೆ ನಡೆದು ಬರುವುದೇ ಒಬ್ಬ ಸ್ವಯಂಸೇವಕರ ಹೊಣೆ, ಬಂದವರಾರೂ ಕೊನೆಯವರಾಗಬೇಕಿಲ್ಲ. 2018ರಲ್ಲಿ ಬ್ರಿಟನ್ನಿನ ಕುಟುಂಬ ವೈದ್ಯರ ರಾಯಲ್ ಕಾಲೇಜು ಪಾರ್ಕ್‌ರನ್ ಜೊತೆ ಕೈಜೋಡಿಸಿತು. ಚಿಕಿತ್ಸಾಲಯಗಳು ಹತ್ತಿರದ ಓಟಕ್ಕೆ ರೋಗಿಗಳನ್ನು ಕಳುಹಿಸತೊಡಗಿದವು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ದೊಡ್ಡ ನಗರ ಓಟಗಳ ಯುಗ 2004ರ ಮುಂಬೈ ಮ್ಯಾರಥಾನ್‌ನಿಂದ ಆರಂಭವಾಯಿತು. ಅದರ 'ಡ್ರೀಮ್ ರನ್' ವಿಭಾಗದಲ್ಲಿ ಜನ ವೇಷ ಧರಿಸಿ, ಫಲಕ ಹಿಡಿದು ತಮಗೆ ಬೇಕಾದ ಸಾಮಾಜಿಕ ವಿಷಯದ ಪರವಾಗಿ ಹೆಜ್ಜೆ ಹಾಕುತ್ತಾರೆ. ಬೆಂಗಳೂರಿನ ವಿಶ್ವ 10ಕೆ ಓಟ 2008ರಲ್ಲಿ ಶುರುವಾಯಿತು. ಅಂತಾರಾಷ್ಟ್ರೀಯ ಓಟಗಾರರ ಸ್ಪರ್ಧೆಯ ಜೊತೆಗೆ 'ಮಜಾ ರನ್', ಹಿರಿಯ ನಾಗರಿಕರ ಓಟ, ಅಂಗವಿಕಲರ ಓಟಗಳೂ ಅಲ್ಲಿವೆ. ಸೇವಾ ಸಂಸ್ಥೆಗಳು ಅದರ ಮೂಲಕ ನಿಧಿ ಕೂಡಿಸುತ್ತವೆ. ಶ್ರೀರಂಗಪಟ್ಟಣದ ಬಳಿ ನಾಲೆಯ ಏರಿಯ ಮೇಲೆ, ಗದ್ದೆಗಳ ನಡುವಿನ ಮಣ್ಣುದಾರಿಯಲ್ಲಿ ಸಾಗುವ ಕಾವೇರಿ ಟ್ರೇಲ್ ಮ್ಯಾರಥಾನ್ ಓಟಗಾರರ ಬಳಗವೊಂದು ರೂಪಿಸಿದ ಓಟ. 2012ರಲ್ಲಿ ಆರಂಭವಾದ ಮಹಿಳೆಯರ ಓಟ ಪಿಂಕಥಾನ್ ಸೀರೆಯುಟ್ಟವರನ್ನೂ ಓಟಕ್ಕೆ ಕರೆತಂದಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ವಾರಾಂತ್ಯದ ನಸುಕಿನಲ್ಲಿ ಸೇರುವ ಗುಂಪುಗಳು ಇಂಥ ಓಟಗಳಿಗೆ ಸಜ್ಜಾಗುವವರ ತಾಣ.

ಮೌಲ್ಯಮಾಪನ

ಪ್ರವೇಶ ಶುಲ್ಕದ ಏರಿಕೆ, ರಸ್ತೆಯಲ್ಲಿ ಉಳಿಯುವ ಪ್ಲಾಸ್ಟಿಕ್ ಬಾಟಲಿ, ಸಂಗ್ರಹವಾದ ಹಣದಲ್ಲಿ ಸೇವೆಗೆ ತಲುಪುವ ಪಾಲು ಇವು ಇಂದಿನ ಸಹಾಯಾರ್ಥ ಓಟಗಳ ಮುಂದಿರುವ ನ್ಯಾಯವಾದ ಪ್ರಶ್ನೆಗಳು. ಶುಲ್ಕ ಏರಿದಷ್ಟೂ ಬಡವರು ದೂರವಾಗುತ್ತಾರೆ; ಲೆಕ್ಕ ಮುಚ್ಚಿಟ್ಟಷ್ಟೂ ಕೊಡುವವರ ನಂಬಿಕೆ ಕುಸಿಯುತ್ತದೆ. ಆದರೂ ಒಂಟಿಯಾಗಿದ್ದವರಿಗೆ ಬಳಗವನ್ನೂ, ದುಃಖದಲ್ಲಿದ್ದವರಿಗೆ ಮಾಡಲೊಂದು ಕೆಲಸವನ್ನೂ ಇಷ್ಟು ಸುಲಭವಾಗಿ ಒದಗಿಸಿದ ಕ್ರೀಡೆಗಳು ವಿರಳ. ಒಂದು ಓಟ ಎಷ್ಟು ದೊಡ್ಡದೆಂಬುದನ್ನು ನಿರ್ಧರಿಸುವುದು ಗೆದ್ದವರ ಸಮಯವಲ್ಲ, ಹಿಂದುಳಿದವರನ್ನು ಅದು ನಡೆಸಿಕೊಂಡ ರೀತಿ.