ಗರಗಸದ ಕವಚ ಮತ್ತು ಕೆಲಸಗಾರನ ಎಚ್ಚರ

ಕೆಲವು ವರ್ಷಗಳ ಹಿಂದೆ ಮಂಗಳೂರಿನ ಹಂಪನಕಟ್ಟೆಯ ಹಿಂಬದಿಯ ಓಣಿಯೊಂದರಲ್ಲಿ, ಮರಗೆಲಸದ ಅಂಗಡಿಯೊಂದನ್ನು ನಮ್ಮ ತಂಡ ಚಿತ್ರೀಕರಿಸುತ್ತಿತ್ತು. ಮೇಜಿನ ನಡುವಿನಿಂದ ಮೇಲೆದ್ದ ಚಕ್ರಗರಗಸಕ್ಕೆ ತಗಡಿನ ಕವಚವಿತ್ತು. ಅಲಗು ತಿರುಗುವುದು ಕಾಣುತ್ತಿಲ್ಲ ಎಂದು ಕ್ಯಾಮೆರಾದವರು ಹೇಳಿದರು. "ಆಚಾರ್ರೇ, ಐದು ನಿಮಿಷ ಅದನ್ನು ತೆಗೆಯಬಹುದಾ?" ಎಂದು ಕೇಳಿದವನು ನಾನೇ. ಅವರು ತೆಗೆದರು. ದೃಶ್ಯ ಚೆನ್ನಾಗಿ ಬಂತು. ಯಾರಿಗೂ ಏನೂ ಆಗಲಿಲ್ಲ.

ತಿಂಗಳ ಬಳಿಕ ಕಾರ್ಯಕ್ರಮದ ಪ್ರತಿ ಕೊಡಲು ಹೋದಾಗ ಕವಚ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. "ನೀವು ತೆಗೆಸಿದ್ದಲ್ವಾ ಸಾರ್, ಹಾಗೇ ಬಿಟ್ಟೆ. ಗಾರ್ಡ್ ಇದ್ರೆ ಗೆರೆ ಕಾಣುದಿಲ್ಲ. ಈಗ ಕೆಲಸ ಬೇಗ ಆಗ್ತದೆ" ಎಂದರು ಆಚಾರ್ಯರು. ಬೆರಳು ಹೋದರೆ ಎಂದು ಕೇಳಿದ್ದಕ್ಕೆ, "ವೆನ್ಲಾಕ್ ಹತ್ತಿರವೇ ಉಂಟಲ್ಲ!" ಎಂದು ನಕ್ಕರು. ಇಲ್ಲಿ ಅಜಾಗರೂಕತೆ ಯಾರದು? ಆಚಾರ್ಯರದೋ, ನನ್ನದೋ, ಗೆರೆಯನ್ನು ಮರೆಮಾಡುವ ಕವಚ ಮಾಡಿದವರದೋ? ಈ ಪ್ರಶ್ನೆ ಹೊಸದಲ್ಲ. ಯಂತ್ರಗಳು ಬಂದಂದಿನಿಂದಲೂ ಇದು ಜೊತೆಗೇ ಬಂದಿದೆ.

ಮಂಗಳೂರಿಗೆ ಕಾರ್ಖಾನೆಯ ಬದುಕು ಬೇಗನೆ ಪರಿಚಯವಾಯಿತು. 1841ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಮುದ್ರಣಾಲಯ ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮೊದಲು ಕೈಬಲದಿಂದ ನಡೆಯುತ್ತಿದ್ದ ಕೆಲಸಗಳಿಗೆ ಕ್ರಮೇಣ ಉಗಿಯಂತ್ರ ಬಂತು. ಆ ಕಾಲದ ಕಾರ್ಖಾನೆಗಳಲ್ಲಿ ಒಂದೇ ಯಂತ್ರದ ಶಕ್ತಿ ಸೂರಿನಡಿಯ ಉದ್ದನೆಯ ದಂಡವನ್ನು ತಿರುಗಿಸುತ್ತಿತ್ತು; ದಂಡದಿಂದ ಚರ್ಮದ ಪಟ್ಟಿಗಳು ಇಳಿದು ಕೆಳಗಿನ ಯಂತ್ರಗಳನ್ನು ನಡೆಸುತ್ತಿದ್ದವು. ಪಂಚೆಯ ಅಂಚೋ ಸೆರಗೋ ಬಿಚ್ಚಿದ ಕೂದಲೋ ಆ ದಂಡಕ್ಕೆ ಸಿಕ್ಕರೆ ಮನುಷ್ಯನನ್ನೇ ಸುತ್ತಿಕೊಂಡು ಮೇಲಕ್ಕೆ ಎಳೆದುಬಿಡುತ್ತಿತ್ತು.

ಇದಕ್ಕೆ ಬೇಲಿ ಹಾಕಬೇಕೆಂದು ಇಂಗ್ಲೆಂಡಿನಲ್ಲಿ 1844ರಲ್ಲೇ ಕಾನೂನಾಯಿತು. ಗಿರಣಿ ಮಾಲೀಕರು ಒಪ್ಪಲಿಲ್ಲ. ಅಪಘಾತಕ್ಕೆ ಕಾರಣ ಕೆಲಸಗಾರರ ಅಜಾಗರೂಕತೆ, ಬೇಲಿಗೆ ನಾವೇಕೆ ದುಡ್ಡು ಹಾಕಬೇಕು ಎಂಬುದು ಅವರ ವಾದ. 1855ರಲ್ಲಿ ಅವರು ಸಂಘವನ್ನೇ ಕಟ್ಟಿಕೊಂಡಾಗ ಚಾರ್ಲ್ಸ್ ಡಿಕನ್ಸ್ ಸಂಪಾದಕತ್ವದ ವಾರಪತ್ರಿಕೆ ಅವರನ್ನು ಕಟುವಾಗಿ ಅಣಕಿಸಿತು. ಆದರೂ ಮರುವರ್ಷ ಕಾನೂನು ಸಡಿಲಗೊಂಡಿತು. 'ಅಜಾಗರೂಕತೆ' ಎಂಬ ಮಾತು ಎಷ್ಟು ಅನುಕೂಲದ್ದೆಂದು ಅಂದೇ ತಿಳಿದಿತ್ತು.

ಭಾರತದ ಮೊದಲ ಕಾರ್ಖಾನೆ ಕಾಯ್ದೆ ಬಂದದ್ದು 1881ರಲ್ಲಿ. ಅಪಾಯಕಾರಿ ಯಂತ್ರಗಳಿಗೆ ಬೇಲಿ ಇರಬೇಕೆಂದು ಅದು ವಿಧಿಸಿತು. ಆದರೆ ನೂರು ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಈ ಸಂಖ್ಯೆ 1891ರಲ್ಲಿ ಐವತ್ತಕ್ಕೆ, 1922ರಲ್ಲಿ ಇಪ್ಪತ್ತಕ್ಕೆ ಇಳಿಯಿತು. ಸ್ವತಂತ್ರ ಭಾರತದ 1948ರ ಕಾಯ್ದೆಯಲ್ಲಿ, ವಿದ್ಯುತ್ತು ಅಥವಾ ಬೇರೆ ಯಂತ್ರಶಕ್ತಿ ಬಳಸುವ ಕಡೆ, ಹತ್ತಾಯಿತು. ಚಲಿಸುವ ಯಂತ್ರದ ಬಳಿ ಹೋಗುವವನಿಗೆ ಮೈಗಂಟಿದ ಉಡುಪು ಇರಬೇಕೆಂದೂ ಆ ಕಾಯ್ದೆ ಹೇಳಿತು. 2020ರ ಸಂಹಿತೆಯಲ್ಲಿ ಸಂಖ್ಯೆ ಮತ್ತೆ ಇಪ್ಪತ್ತಕ್ಕೆ ಏರಿತು. ಮೂರು ನಾಲ್ಕು ಜನರ ಓಣಿಯ ಅಂಗಡಿ ಇವುಗಳಲ್ಲಿ ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ.

1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲಿ ಇನ್ನೊಂದು ಗಮನಿಸಬೇಕಾದ ಅಂಶವಿದೆ. ಸುರಕ್ಷತೆಗೆಂದು ಒದಗಿಸಿದ ಸಾಧನವನ್ನು ಕೆಲಸಗಾರ ತಿಳಿದೂ ತಿಳಿದೂ ತೆಗೆದುಹಾಕಿ ಗಾಯಗೊಂಡರೆ ಮಾಲೀಕ ಪರಿಹಾರ ಕೊಡಬೇಕಾಗಿರಲಿಲ್ಲ. ಸಾವಿನ ಪ್ರಕರಣಗಳನ್ನು ಮುಂದೆ ಈ ವಿನಾಯಿತಿಯಿಂದ ಹೊರಗಿಟ್ಟರು. ಆ ಕಾಯ್ದೆಗೆ ಸೇರಿಸಿದ ಪಟ್ಟಿಯಲ್ಲಿ ಬೆರಳುಗಳಿಗೂ ಬೆಲೆ ಕಟ್ಟಲಾಗಿತ್ತು: ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ನಷ್ಟ. ಉಳಿ ಹಿಡಿಯುವ ಕೈಗೆ ತೋರುಬೆರಳು ಅಷ್ಟೇ ಆದೀತೇ ಎಂದು ಯಾವ ಬಡಗಿಯನ್ನಾದರೂ ಕೇಳಿ ನೋಡಿ.

ಈ ನಡುವೆ ಯಂತ್ರವೇ ಬದಲಾಗಿತ್ತು. ಪ್ರತಿ ಯಂತ್ರಕ್ಕೂ ತನ್ನದೇ ವಿದ್ಯುತ್ ಮೋಟಾರು ಬಂದಾಗ ಸೂರಿನ ದಂಡ ಮಾಯವಾಯಿತು. ಜರ್ಮನಿಯ ಫೈನ್ ಕಂಪನಿ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಪಿಸ್ತೂಲಿನ ಹಿಡಿ ಮತ್ತು ಕುದುರೆಯಂಥ ಸ್ವಿಚ್ಚಿರುವ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. ಬೆರಳು ಸಡಿಲಿಸಿದೊಡನೆ ವಿದ್ಯುತ್ತು ಕಡಿಯುವ ಈ ಸ್ವಿಚ್ಚೇ ಒಂದು ಒಳ್ಳೆಯ ಸುರಕ್ಷಾ ಸಾಧನ. ಹೀಗೆ ಸೂರಿನಲ್ಲಿದ್ದ ಅಪಾಯ ಮೇಜಿಗೆ, ಮೇಜಿನಿಂದ ಅಂಗೈಗೆ ಇಳಿಯಿತು. ಕಾನೂನು ಮಾತ್ರ ಕಾರ್ಖಾನೆಯ ಗೇಟಿನಲ್ಲೇ ನಿಂತಿತು.

ನಮ್ಮ ಅಂಗಡಿಗಳಲ್ಲಿ ಏನಾಗುತ್ತಿದೆ ನೋಡಿ. ಕಲ್ಲು ಕೊಯ್ಯುವ ಕಟ್ಟರಿಗೆ ಮರದ ಅಲಗು ಹಾಕಿ, ಹಲಗೆಯ ಅಡಿಯಲ್ಲಿ ಮಗುಚಿ ಬಿಗಿದು, ಸ್ವಿಚ್ಚನ್ನು ದಾರದಿಂದ ಕಟ್ಟಿ, ಅದನ್ನೇ ಮೇಜಿನ ಗರಗಸವಾಗಿ ಬಳಸುತ್ತಾರೆ. ಬೆರಳು ಸಡಿಲಿಸಿದರೆ ನಿಲ್ಲಬೇಕಾದ ಯಂತ್ರ ಆಗ ನಿಲ್ಲುವುದಿಲ್ಲ. ನಾಲ್ಕು ಇಂಚಿನ ಗ್ರೈಂಡರಿಗೆ ಐದು ಇಂಚಿನ ಚಕ್ರ ಹಿಡಿಸಲು ಕವಚ ಕಳಚುತ್ತಾರೆ. ಪ್ಲಗ್ ಇಲ್ಲದ ತಂತಿಗಳನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿನಲ್ಲಿ ನಿಲ್ಲಿಸುತ್ತಾರೆ. ಇದೆಲ್ಲ ದಡ್ಡತನವಲ್ಲ, ಕಡಿಮೆ ಖರ್ಚಿನಲ್ಲಿ ಬೇಗ ಕೆಲಸ ಮುಗಿಸುವ ಜಾಣತನ. ಅಪಾಯ ಇರುವುದೇ ಅಲ್ಲಿ. ಸಾವಿರ ಸಲ ಏನೂ ಆಗದಿದ್ದಾಗ, ಏನೂ ಆಗುವುದಿಲ್ಲ ಎಂಬ ನಂಬಿಕೆ ಬೇರೂರುತ್ತದೆ.

ಎಚ್ಚರದಿಂದಿದ್ದರೆ ಸಾಕು ಎನ್ನುವವರಿಗೆ ಒಂದು ಸಣ್ಣ ಲೆಕ್ಕ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು, ಅಂದರೆ ಸೆಕೆಂಡಿಗೆ 183 ಸುತ್ತು ತಿರುಗುತ್ತದೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚಕ್ರ ಮೂವತ್ತಾರು ಸುತ್ತು ಮುಗಿಸಿರುತ್ತದೆ. ಎಷ್ಟೇ ಎಚ್ಚರದವನಾದರೂ ಈ ಪಂದ್ಯ ಗೆಲ್ಲಲಾರ.

ಅಮೆರಿಕದ ಸ್ಟೀವ್ ಗ್ಯಾಸ್ ಈ ಲೆಕ್ಕವನ್ನೇ ತಲೆಕೆಳಗು ಮಾಡಿದರು. ಭೌತವಿಜ್ಞಾನ ಓದಿ ಪೇಟೆಂಟ್ ವಕೀಲರಾಗಿದ್ದ ಅವರಿಗೆ 1999ರಲ್ಲಿ ಹೊಳೆದ ಉಪಾಯವಿದು. ಮರಕ್ಕಿಂತ ಮನುಷ್ಯನ ಮೈ ವಿದ್ಯುತ್ತಿಗೆ ಬೇರೆ ರೀತಿ ಸ್ಪಂದಿಸುತ್ತದೆ. ಅಲಗಿಗೆ ಬೆರಳು ತಾಗಿದೊಡನೆ ಅದನ್ನು ಗುರುತಿಸಿ, ಅಲ್ಯೂಮಿನಿಯಂ ತುಂಡೊಂದು ಚಿಮ್ಮಿ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಸುಮಾರು ಐದು ಮಿಲಿಸೆಕೆಂಡಿನಲ್ಲಿ ಗರಗಸ ನಿಲ್ಲುತ್ತದೆ. ದೊಡ್ಡ ಕಂಪನಿಗಳು ಮುಂದೆ ಬಾರದಿದ್ದಾಗ ಗ್ಯಾಸ್ ಮತ್ತು ಸಂಗಡಿಗರೇ 2004ರಿಂದ ಇಂಥ ಗರಗಸ ಮಾರತೊಡಗಿದರು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ಯಂತ್ರವಿದು. ಬೆಲೆ ಮಾತ್ರ ನಮ್ಮ ಓಣಿಯ ಅಂಗಡಿಗೆ ಎಟುಕುವಂಥದಲ್ಲ.

ಎಟುಕುವ ಸಾಧನಗಳೂ ಇವೆ. ಅಲಗಿನ ಹಿಂದೆ ನಿಂತು, ಸೀಳಿದ ಮರ ಅಲಗನ್ನು ಕಚ್ಚಿ ಹಿಂದಕ್ಕೆ ಚಿಮ್ಮದಂತೆ ತಡೆಯುವ ತೆಳ್ಳನೆಯ ಉಕ್ಕಿನ ಪಟ್ಟಿ. ಸಣ್ಣ ತುಂಡುಗಳನ್ನು ಬೆರಳಿನ ಬದಲು ತಳ್ಳಲು ಒಂದು ಮರದ ಕೋಲು. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತು ಕಡಿಯುವ ಬ್ರೇಕರ್. ಕೋಲಿಗಂತೂ ಖರ್ಚೇ ಇಲ್ಲ. ಇಂಗ್ಲೆಂಡಿನಲ್ಲಿ 1922ರ ಮರಗೆಲಸ ಯಂತ್ರಗಳ ನಿಯಮಗಳು ಚಕ್ರಗರಗಸಕ್ಕೆ ಇಂಥ ಪಟ್ಟಿಯನ್ನೂ ಮೇಲುಕವಚವನ್ನೂ ಕಡ್ಡಾಯ ಮಾಡಿದ್ದವು. ನೂರು ವರ್ಷಗಳ ಹಿಂದೆಯೇ ತಿಳಿದಿದ್ದ ಸಂಗತಿ ಇದು.

ಆಯುಧಪೂಜೆಯಂದು ಅದೇ ಅಂಗಡಿಗೆ ಮತ್ತೊಮ್ಮೆ ಹೋಗಿದ್ದೆ. ಗರಗಸಕ್ಕೆ ಹೂಮಾಲೆ, ಮೋಟಾರಿಗೆ ಗಂಧ. ಮೊಳೆಯಲ್ಲಿ ನೇತಾಡುತ್ತಿದ್ದ ಕವಚಕ್ಕೂ ಆಚಾರ್ಯರು ಮರೆಯದೆ ಕುಂಕುಮ ಇಟ್ಟಿದ್ದರು. ಅದನ್ನು ಅಲ್ಲಿಗೆ ಏರಿಸಿದವನು ನಾನಾದ್ದರಿಂದ ಉಪದೇಶಿಸಲು ಬಾಯಿ ಬರಲಿಲ್ಲ. ಗೆರೆ ಕಾಣುವಂತೆ ಅದರ ಮುಂಭಾಗ ಕತ್ತರಿಸಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೂರಿಸಿದರೆ ಆದೀತೇ ಎಂದು ಕೇಳಿದೆ. ಅವರು ಕವಚವನ್ನು ಕೆಳಗಿಳಿಸಿ, ತಿರುಗಿಸಿ ನೋಡಿ, "ಆಗಬಹುದು ಸಾರ್, ಹಬ್ಬ ಕಳೀಲಿ" ಎಂದರು.