ಗುಲಾಮ, ಹುಕುಂ, ಆಟೀನ್: ಇಸ್ಪೀಟೆಲೆಗಳಲ್ಲಿ ನಮ್ಮ ಚರಿತ್ರೆ

ಸಂಘದ ವಾರ್ಷಿಕ ಸಂಚಿಕೆಯಲ್ಲಿ ಇಸ್ಪೀಟಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಜೂಜಿನ ವಿಷಯಕ್ಕೆ ಆಮೇಲೆ ಬರೋಣ. ನಾನಿಲ್ಲಿ ಹೇಳಹೊರಟಿರುವುದು ಕೊಡಗಿನ ಮಳೆಗಾಲದಲ್ಲಿ, ಕರೆಂಟು ಹೋದ ಸಂಜೆಗಳಲ್ಲಿ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಮನೆಮಂದಿ ಚಾಪೆಯ ಮೇಲೆ ಕುಳಿತು ಕಾಸಿಲ್ಲದೆ ಆಡಿಕೊಂಡು ಬಂದ ಸಾದಾ ಆಟಗಳ ಬಗ್ಗೆ. ಆಡುವಾಗ ನಾವು ಯೋಚಿಸದೆ ಬಳಸುವ ಮಾತುಗಳಲ್ಲಿ ಪಠ್ಯಪುಸ್ತಕದಲ್ಲಿ ಸಿಗದ ಚರಿತ್ರೆಯೊಂದು ಅಡಗಿದೆ.

ಒಂದು ಕಟ್ಟು ಎಲೆಗಳನ್ನು ಕೈಗೆತ್ತಿಕೊಳ್ಳಿ. ಎಲೆ ಎಂಬ ಮಾತೇ ಗಮನಾರ್ಹ. ಅರಬಿಯಲ್ಲಿಯೂ ಇದಕ್ಕೆ ವರಕ್ ಎನ್ನುತ್ತಾರೆ. ಅದರ ಅರ್ಥವೂ ಎಲೆ, ಕಾಗದ ಎಂದೇ. ಎಕ್ಕ, ರಾಜ, ರಾಣಿ ಆದ ಮೇಲೆ ಬರುವವನು ಗುಲಾಮ. ಇದು ಶುದ್ಧ ಅರಬಿ ಶಬ್ದ. ಹುಡುಗ, ಸೇವಕ, ದಾಸ ಎಂಬೆಲ್ಲ ಅರ್ಥಗಳು ಅದಕ್ಕುಂಟು. ಅರಬಿಯ ಅಲಿಫ್ ಸಹ ಬಾರದ ಮನೆಗಳಲ್ಲಿ ಕೂಡ ಕನ್ನಡಿಗರು ಇವನನ್ನು ಕರೆಯುವುದು ಗುಲಾಮನೆಂದೇ.

ಕಾಗದದ ಆಟದೆಲೆಗಳು ಮೊದಲು ಹುಟ್ಟಿದ್ದು ಚೀನಾದಲ್ಲಿ. ಆದರೆ ಇಂದು ನಮ್ಮ ಕೈಯಲ್ಲಿರುವ ರೂಪಕ್ಕೆ ಹತ್ತಿರವಾದ ಕಟ್ಟು ಸಿಗುವುದು ಮಮ್ಲೂಕರ ಈಜಿಪ್ಟಿನಲ್ಲಿ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಉಳಿದಿರುವ ಆ ಎಲೆಗಳನ್ನು ಎಲ್. ಎ. ಮೇಯರ್ ಎಂಬ ವಿದ್ವಾಂಸರು 1930ರ ದಶಕದಲ್ಲಿ ಲೋಕಕ್ಕೆ ಪರಿಚಯಿಸಿದರು. ಬಟ್ಟಲು, ನಾಣ್ಯ, ಖಡ್ಗ, ಪೋಲೋ ದಾಂಡು ಎಂಬ ನಾಲ್ಕು ಬಣ್ಣಗಳು, ಒಂದೊಂದರಲ್ಲಿ 13 ಎಲೆಗಳು, ಒಟ್ಟು 52. ಮಲಿಕ್, ಅಂದರೆ ರಾಜ. ಅವನ ಕೆಳಗೆ ನಾಯಿಬ್. ಅವನ ಕೆಳಗೆ ಎರಡನೆಯ ನಾಯಿಬ್. ರಾಣಿ ಇಲ್ಲ, ಅವಳು ಯುರೋಪಿನಲ್ಲಿ ಸೇರಿದವಳು. 1377ರಲ್ಲಿ ಫ್ಲಾರೆನ್ಸ್ ನಗರದ ಆಡಳಿತ ಹೊಸದಾಗಿ ಬಂದ ‘ನಾಯಿಬ್ಬೆ’ ಎಂಬ ಆಟವನ್ನು ನಿರ್ಬಂಧಿಸಿತು. ಸ್ಪೇನಿನವರು ಇಂದಿಗೂ ಇಸ್ಪೀಟಿಗೆ ‘ನೈಪೆಸ್’ ಎನ್ನುತ್ತಾರೆ. ಮುಸ್ಲಿಮ್ ನಾಡಿನಿಂದ ಹೋದ ಸರಕು ತನ್ನ ಹೆಸರಿನ ಚೀಟಿಯನ್ನು ಕಳಚಿಕೊಳ್ಳಲಿಲ್ಲ.

ನಮ್ಮ ದೇಶಕ್ಕೆ ಎಲೆಗಳು ಬಂದದ್ದು ಎರಡು ದಾರಿಗಳಲ್ಲಿ. ಒಂದು ಪರ್ಷಿಯಾದ ನೆಲದ ದಾರಿ. 1527ರಲ್ಲಿ ಬಾಬರನು ಸಿಂಧ್‌ನ ಶಾಹ್ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ವಿಷಯ ಅವನ ಆತ್ಮಕಥೆಯಲ್ಲಿಯೇ ಇದೆ. ಅಕ್ಬರನ ಕಾಲದ 12 ಬಣ್ಣಗಳ, 144 ಎಲೆಗಳ ಆಟವನ್ನು ಅಬುಲ್ ಫಝಲ್ ‘ಆಯಿನೆ ಅಕ್ಬರಿ’ಯಲ್ಲಿ ವಿವರಿಸಿದ್ದಾರೆ. ನಂತರ ಪ್ರಚಾರದಲ್ಲಿದ್ದ 96 ಎಲೆಗಳ ಗಂಜೀಫಾದಲ್ಲಿ ಎಂಟು ಬಣ್ಣಗಳು; ಅವುಗಳಲ್ಲೊಂದರ ಹೆಸರೇ ಗುಲಾಮ. ಈ ದುಂಡನೆಯ ಎಲೆಗಳು ದಖ್ಖನಿನ ಮೂಲಕ ನಮ್ಮ ಮೈಸೂರನ್ನೂ ತಲುಪಿದವು. ಮುಮ್ಮಡಿ ಕೃಷ್ಣರಾಜ ಒಡೆಯರ್ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಇವಕ್ಕೆ ಜಾಗ ಕೊಟ್ಟರು, 300ಕ್ಕೂ ಮಿಕ್ಕಿದ ಎಲೆಗಳ ಆಟಗಳನ್ನೂ ರೂಪಿಸಿದರು. ದಶಾವತಾರಗಳನ್ನು ಬರೆದ ಎಲೆಗಳೂ ಅದೇ ಗಂಜೀಫಾ ಎಂಬ ಹೆಸರಿನಲ್ಲಿಯೇ ಉಳಿದವು. ಎರಡು ಧರ್ಮದವರು ಒಂದೇ ಆಟವನ್ನು ತಮ್ಮ ತಮ್ಮದಾಗಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ.

ಇನ್ನೊಂದು ದಾರಿ ಸಮುದ್ರದ್ದು. ಕೊಡಗಿನವರಿಗೆ ಹೆಚ್ಚು ಹತ್ತಿರವಾದದ್ದು ಇದೇ. ನಾವು ಕಳಾವರ್ ಎನ್ನುವ ಬಣ್ಣಕ್ಕೆ ಡಚ್ಚರ ಮಾತು ಕ್ಲಾವರ್. ನಮ್ಮ ಆಟೀನ್‌ಗೆ ಅವರ ಮಾತು ಹಾರ್ಟೆನ್. ಡಚ್ಚರು 1663ರಲ್ಲಿ ಕೊಚ್ಚಿಯನ್ನೂ ಕಣ್ಣೂರಿನ ಕೋಟೆಯನ್ನೂ ಪೋರ್ಚುಗೀಸರಿಂದ ಕಿತ್ತುಕೊಂಡರು. ಕಣ್ಣೂರಿನ ಕೋಟೆಯನ್ನು 1772ರಲ್ಲಿ ಅರಕ್ಕಲ್ ಅಲಿರಾಜರಿಗೆ ಮಾರಿದರು. ಆ ಕಣ್ಣೂರಿನಿಂದ ಮಾಕುಟ್ಟದ ಕಾಡುದಾರಿ ಹತ್ತಿದರೆ ಸಿಗುವುದು ವಿರಾಜಪೇಟೆ. ಒಣಮೀನು, ಉಪ್ಪು, ಬಟ್ಟೆ ಹತ್ತಿದ ಘಟ್ಟವನ್ನು ಈ ಮಾತುಗಳೂ ಹತ್ತಿದವು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾಗಿ, 1850ರ ದಶಕದಿಂದ ಕಾಫಿ ತೋಟಗಳು ಹಬ್ಬಿದ ಮೇಲೆ ಅಚ್ಚಿನ ಅಗ್ಗದ ಎಲೆಗಳು ಎಲ್ಲೆಡೆ ಹರಡಿದವು. ಕೈಯಿಂದ ಬರೆದ ಗಂಜೀಫಾ ಹಿಂದೆ ಬಿತ್ತು.

ಈಗ ನಮ್ಮ ಜಿಲ್ಲೆಯನ್ನೇ ನೋಡಿ. ಸಿದ್ದಾಪುರ, ನಾಪೋಕ್ಲು, ವಿರಾಜಪೇಟೆ ಕಡೆಯ ಮಲಯಾಳ ಮಾತನಾಡುವ ಮನೆಗಳಲ್ಲಿ ಇಸ್ಪೀಟ್, ಕಳಾವರ್, ಆಟೀನ್ ಕೇಳಿಬರುತ್ತವೆ. ಉರ್ದು ಮಾತನಾಡುವ ಮನೆಯಲ್ಲಾದರೆ ಅವೇ ಬಣ್ಣಗಳು ಹುಕುಂ, ಚಿಡಿ, ಪಾನ್. ಡೈಮನ್ನಿಗೆ ಈಂಟ್, ಅಂದರೆ ಇಟ್ಟಿಗೆ. ಹುಕುಂ ಎಂದರೆ ಅಪ್ಪಣೆ. ಬಗರ್‌ಹುಕುಂ ಜಮೀನಿಗಾಗಿ ತಾಲೂಕು ಕಚೇರಿಗೆ ಅಲೆದವರಿಗೆ ಈ ಶಬ್ದದ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಕುಟುಂಬ ಮಲಬಾರಿನ ಕರಾವಳಿಯಿಂದ ಬಂತು, ಯಾವುದು ದಖ್ಖನಿನ ಕಡೆಯಿಂದ ಬಂತು ಎಂಬುದು ಕೈಯಲ್ಲಿರುವ ಎಲೆಗೆ ಅವರು ಏನೆನ್ನುತ್ತಾರೆ ಎಂಬುದರಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ.

ಆಟಗಳಲ್ಲಿ ಅತಿ ಸುಲಭವಾದದ್ದು ಕತ್ತೆ. ಇಳಿಸಿದ ಬಣ್ಣವನ್ನೇ ಎಲ್ಲರೂ ಇಳಿಸಬೇಕು. ಆ ಬಣ್ಣವಿಲ್ಲದವನು ಬೇರೆಯದರಿಂದ ಕಡಿದರೆ ದೊಡ್ಡ ಎಲೆ ಇಳಿಸಿದವನು ರಾಶಿಯನ್ನೆಲ್ಲ ಹೊರಬೇಕು. ಕೊನೆಗೆ ಎಲೆ ಉಳಿದವನೇ ಕತ್ತೆ. ಆರು ವರ್ಷದ ಮಗು ಮನೆಯ ಯಜಮಾನನನ್ನು ಎಲ್ಲರೆದುರು ಕತ್ತೆ ಎಂದು ಕರೆದು ಪೆಟ್ಟು ತಿನ್ನದೆ ಉಳಿಯುವ ಜಾಗ ಇದೊಂದೇ ಇರಬೇಕು.

ಅದಕ್ಕಿಂತ ತಲೆ ಓಡಿಸಬೇಕಾದದ್ದು ಇಪ್ಪತ್ತೆಂಟು. ನಾಲ್ವರು, ಎದುರುಬದುರು ಜೊತೆ, ಏಳರಿಂದ ಮೇಲಿನ 32 ಎಲೆಗಳು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು ಅಂಕ. ನಾಲ್ಕು ಬಣ್ಣ ಸೇರಿ 28. ಮೊದಲ ನಾಲ್ಕು ಎಲೆ ನೋಡಿ 14ರಿಂದ ಮೇಲಕ್ಕೆ ಕೂಗಬೇಕು. ಗೆದ್ದವನು ತುರುಪನ್ನು ಕವುಚಿ ಇಡುತ್ತಾನೆ. ಗುಲಾಮ ಮತ್ತು ಒಂಬತ್ತಕ್ಕೆ ಪಟ್ಟ ಕಟ್ಟುವ ಪದ್ಧತಿ ಯುರೋಪಿನ ಯಾಸ್ ಎಂಬ ಆಟಗಳ ವಂಶದ್ದು. ಡಚ್ಚರು ಆಡುವ ಕ್ಲಾವರ್‌ಯಾಸ್ ಅದೇ ಕುಟುಂಬದ್ದು. ಈ ಆಟದಲ್ಲಿ ರಾಜನಿಗೆ ಸೊನ್ನೆ, ಗುಲಾಮನೇ ಸರ್ವಶ್ರೇಷ್ಠ. ಮಮ್ಲೂಕ್ ಎಂಬ ಶಬ್ದಕ್ಕೂ ಒಡೆತನಕ್ಕೊಳಪಟ್ಟವನು ಎಂದೇ ಅರ್ಥ. ಹಣಕ್ಕೆ ಕೊಂಡು ತಂದ ಸೈನಿಕರೇ 1250ರಿಂದ 1517ರವರೆಗೆ ಈಜಿಪ್ಟನ್ನು ಆಳಿದರು. ಎರಡಕ್ಕೂ ನಂಟಿಲ್ಲ ಎಂದು ಬಲ್ಲೆ. ಆದರೂ ಗುಲಾಮನು ರಾಜನನ್ನು ಹೊಡೆದಾಗೆಲ್ಲ ಕೈರೋ ನೆನಪಾಗುತ್ತದೆ.

ಇನ್ನು ಜೂಜಿನ ಮಾತು. ಪವಿತ್ರ ಕುರ್‌ಆನ್ ಸೂರಾ ಅಲ್‌ಮಾಇದಾದಲ್ಲಿ ಮದ್ಯದೊಂದಿಗೆ ಮೈಸಿರನ್ನೂ ಸ್ಪಷ್ಟವಾಗಿ ನಿಷೇಧಿಸಿದೆ. ಮೈಸಿರ್ ಎಂದರೆ ಅಜ್ಞಾನಕಾಲದ ಅರಬರು ಬಾಣಗಳನ್ನೆತ್ತಿ ಒಂಟೆಯ ಮಾಂಸದ ಪಾಲಿಗಾಗಿ ಆಡುತ್ತಿದ್ದ ಜೂಜು. ಪಣವಿದ್ದರೆ ಚರ್ಚೆಗೆ ಎಡೆಯೇ ಇಲ್ಲ. ಪಣವಿಲ್ಲದ ಆಟದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಲೆಕ್ಕ ಮತ್ತು ಯೋಚನೆಯ ಮೇಲೆ ನಿಂತ ಆಟ ಬೇರೆ, ಬರಿಯ ಊಹೆಯ ಮೇಲೆ ನಿಂತದ್ದು ಬೇರೆ ಎಂದು ಶಾಫಿಈ ಫಿಕ್‌ಹ್ ಪಂಡಿತರು ವಿಂಗಡಿಸಿದರು. ನಮಾಝ್ ತಪ್ಪಿಸುವ ಆಟ ಯಾರಿಗೂ ಒಪ್ಪಿಗೆಯಲ್ಲ. ಎಲೆಗಳನ್ನು ಮನೆಯೊಳಗೇ ಬಿಡದ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ನಿಲುವನ್ನು ಗೌರವಿಸಬೇಕು. ವಿಚಿತ್ರವೆಂದರೆ 1967ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟ ಎಂದಾಗ ಬಳಸಿದ ಅಳತೆಗೋಲೂ ಹೆಚ್ಚುಕಡಿಮೆ ಇದೇ. ಆ ತೀರ್ಪಿನ ನೆರಳಿನಲ್ಲಿ ಮೊಬೈಲ್ ರಮ್ಮಿ ಬೆಳೆದು ಎಷ್ಟೋ ಮನೆಗಳ ಉಳಿತಾಯ ನುಂಗಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಭೇದ ಮಾಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಮಗ ಬಾಗಿಲು ಹಾಕಿಕೊಂಡು ಒಬ್ಬನೇ ಪರದೆಯ ಮೇಲೆ ಆಡುವುದಕ್ಕೂ ಅಜ್ಜಿಯ ಎದುರು ಕುಳಿತು ಕತ್ತೆಯಾಗುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಕಾಯ್ದೆಯೂ ಬರೆದಿಡಲಾರದು.

ವಿದ್ಯಾರ್ಥಿಗಳೇ, ಮುಂದಿನ ಮಳೆಗಾಲದ ರಜೆಯಲ್ಲಿ ಮನೆಯ ಹಿರಿಯರನ್ನು ಕೂರಿಸಿ ಮೂರು ಪ್ರಶ್ನೆ ಕೇಳಿ: ನಾಲ್ಕು ಬಣ್ಣಗಳಿಗೆ ಅವರು ಏನೆನ್ನುತ್ತಾರೆ, ಯಾರಿಂದ ಕಲಿತರು, ಕಲಿಸಿದವರು ಯಾವ ಊರಿನವರು. ಉತ್ತರವನ್ನು ಊರಿನ ಹೆಸರಿನೊಂದಿಗೆ ಬರೆದಿಡಿ. ಅಮ್ಮನ ಕಡೆಯವರ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಅದು ಹಲವು ಸಲ ಬೇರೆಯೇ ಇರುತ್ತದೆ.