ಹಾಡಿಗೆ ಹೆದರಿದ ಅಧಿಕಾರ



ಪ್ರಜಾಪ್ರಭುತ್ವ ಎಂದೊಡನೆ ನಿಮಗೆ ನೆನಪಾಗುವುದು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಪತ್ರಿಕೆಗಳನ್ನು ನಾಲ್ಕನೆಯ ಅಂಗವೆನ್ನುವುದೂ ಉಂಟು. ನಾಟಕ, ಹಾಡು, ಸಿನಿಮಾಗಳಿಗೆ ಮಾತ್ರ ಈ ಪಟ್ಟಿಯಲ್ಲಿ ಜಾಗವಿಲ್ಲ. ಅವು ಬಿಡುವಿನ ವೇಳೆಯ ಮನರಂಜನೆ ಎಂದೇ ಹಲವರ ಭಾವನೆ. ಹಾಗಿದ್ದರೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಅಧಿಕಾರ ಅವುಗಳಿಗೆ ಅಷ್ಟೊಂದು ಅಂಜಿದ್ದೇಕೆ?

1975ರ ಜೂನ್ 25ರ ರಾತ್ರಿ ಘೋಷಣೆಯಾದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ವಿರೋಧ ಪಕ್ಷಗಳ ನಾಯಕರು ಸೆರೆಮನೆ ಸೇರಿದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ಅಧಿಕಾರದ ಕುರ್ಚಿಯನ್ನು ಗೇಲಿ ಮಾಡಿದ ‘ಕಿಸ್ಸಾ ಕುರ್ಸಿ ಕಾ’ ಹಿಂದಿ ಚಿತ್ರದ ಪ್ರತಿಗಳನ್ನು ನಾಶಪಡಿಸಲಾಯಿತು. ಪ್ರಚಾರಕ್ಕೆ ಸಹಕರಿಸಲಿಲ್ಲವೆಂದು ಕಿಶೋರ್ ಕುಮಾರ್ ಹಾಡುಗಳು 1976ರಲ್ಲಿ ಆಕಾಶವಾಣಿ, ದೂರದರ್ಶನಗಳಿಂದ ಮಾಯವಾದವು.

ನಮ್ಮ ನಾಡಿನ ಉದಾಹರಣೆ ಇನ್ನೂ ಕಠೋರವಾದುದು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ‘ಸಂಸ್ಕಾರ’ ಚಿತ್ರಕ್ಕೆ ಸೆನ್ಸಾರ್ ಮೊದಲು ಅನುಮತಿ ನಿರಾಕರಿಸಿತ್ತು. ಬಿಡುಗಡೆಯಾದ ಮೇಲೆ ಅದೇ ಚಿತ್ರ 1970ರ ಸಾಲಿನ ಅತ್ಯುತ್ತಮ ಚಿತ್ರಕ್ಕಾಗಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದವರು ಸ್ನೇಹಲತಾ ರೆಡ್ಡಿ. 1976ರಲ್ಲಿ ಅವರನ್ನು ಬಂಧಿಸಿ, ವಿಚಾರಣೆಯಿಲ್ಲದೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇಡಲಾಯಿತು. ಅಸ್ತಮಾದಿಂದ ನರಳುತ್ತಿದ್ದ ಅವರು ಅಲ್ಲಿಯೇ ದಿನಚರಿ ಬರೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ತಮ್ಮ ಪದ್ಮಭೂಷಣವನ್ನೇ ಹಿಂದಿರುಗಿಸಿದರು.

ಕಲೆ ಏನು ಮಾಡುತ್ತದೆ? ಜ್ವರ ಬಂದಾಗ ಥರ್ಮಾಮೀಟರಿನ ಪಾದರಸ ಏರುತ್ತದೆ. ಜ್ವರ ತಂದದ್ದು ಪಾದರಸವಲ್ಲ, ಅದು ತೋರಿಸುತ್ತದೆ ಅಷ್ಟೆ. ಥರ್ಮಾಮೀಟರ್ ಒಡೆದರೆ ಜ್ವರ ಇಳಿಯುವುದಿಲ್ಲ, ಎಷ್ಟಿದೆಯೆಂಬುದು ತಿಳಿಯದೆ ಹೋಗುತ್ತದೆ. ಪತ್ರಿಕೆಗಳ ಬಾಯಿ ಕಟ್ಟಿದ ಸರ್ಕಾರಕ್ಕೆ ಜನರ ಮನಸ್ಸು ತಿಳಿಯದೆ ಹೋಯಿತು. 1977ರ ಚುನಾವಣೆಯಲ್ಲಿ ಅದು ಸೋತಿತು.

ಹಾಗೆಂದು ಕಲೆಯೆಲ್ಲ ಪ್ರಜಾಪ್ರಭುತ್ವದ ಮಿತ್ರನೆಂದು ತಿಳಿಯಬೇಡಿ. ಕಲೆಯನ್ನು ಅಧಿಕಾರದ ಸೇವೆಗೂ ಹಚ್ಚಬಹುದು. 1977ರ ಫೆಬ್ರವರಿ 6ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ಸಭೆಯಿತ್ತು. ಜನ ಮನೆಯಲ್ಲೇ ಉಳಿಯಲೆಂದು ಅಂದು ಸಂಜೆ ದೂರದರ್ಶನದಲ್ಲಿ ಜನಪ್ರಿಯ ‘ಬಾಬಿ’ ಚಿತ್ರ ತೋರಿಸಲಾಯಿತು. ಆದರೂ ಮೈದಾನ ಕಿಕ್ಕಿರಿದು ತುಂಬಿತು. ಟಿ.ವಿ. ಕಾರ್ಯಕ್ರಮ ರೂಪಿಸುವ ನಮ್ಮಂಥವರು ಮರೆಯಬಾರದ ಪಾಠವಿದು.

ಸಂವಿಧಾನದ 19ನೆಯ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಟ್ಟಿದೆ, ಸಮಂಜಸವಾದ ಮಿತಿಗಳನ್ನೂ ಹೇಳಿದೆ. ಗಲಾಟೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಚಿತ್ರವೊಂದನ್ನು ಅಡಗಿಸಲಾಗದು, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು 1989ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದರೆ ಕಾನೂನೊಂದೇ ಸಾಲದು. ತಮಗೆ ಒಪ್ಪದ ನಾಟಕವನ್ನೂ ಕೊನೆಯವರೆಗೆ ಕುಳಿತು ನೋಡಿ, ಆಮೇಲೆ ವಾದಿಸುವ ಪ್ರೇಕ್ಷಕರು ಬೇಕು.

ಸ್ನೇಹಲತಾ ಅವರಿದ್ದ ಆ ಸೆರೆಮನೆಯ ಜಾಗ ಈಗ ಫ್ರೀಡಂ ಪಾರ್ಕ್. ಬೆಂಗಳೂರಿಗೆ ಬಂದಾಗ ನೋಡಿ. ನಿಮ್ಮ ಕಾಲೇಜಿನ ವೇದಿಕೆಯಲ್ಲಿ ಯಾವ ನಾಟಕಕ್ಕೆ ಜಾಗವಿದೆ, ಯಾವುದಕ್ಕಿಲ್ಲ, ಏಕೆ? ಗೆಳೆಯರೊಡನೆ ಚರ್ಚಿಸಿ.